ಗೋಡೆಗೊರಗಿ ಮಲಗುವವನು

"ಇನ್ನೂ ಸ್ವಲ್ಪ ಒತ್ತಿ," ಎಂದ ಮೈದುನ. ಹತ್ತಿ ಅಂಗಡಿಯವನು ಎರಡೂ ಕೈ ಸೇರಿಸಿ ಮೊಣಕಾಲನ್ನು ಒತ್ತಿದ. ಕಾಲು ನೇರವಾಗಲಿಲ್ಲ.

"ಜೋರು ಮಾಡಬೇಡಿ, ಅವರಿಗೆ ನೋವಾಗುತ್ತೆ," ಎಂದಳು ಹೆಂಡತಿ. ಯಾರೂ ಅವಳನ್ನು ತಿದ್ದಲು ಹೋಗಲಿಲ್ಲ.

ಹಾಸಿಗೆ ಹೊಲಿಯುವವನು ಬೆಳಗಿನ ಜಾವ ಕೂತಲ್ಲಿಯೇ ತೀರಿಕೊಂಡಿದ್ದ. ಅವನು ಮಲಗುತ್ತಿದ್ದುದೇ ಹಾಗೆ, ಗೋಡೆಗೆ ಬೆನ್ನು ಕೊಟ್ಟು, ಮೊಣಕಾಲು ಮಡಚಿ, ಎರಡೂ ಅಂಗೈಗಳನ್ನು ಕಂಕುಳಲ್ಲಿ ಅವಿತಿಟ್ಟುಕೊಂಡು. ಬೀದಿಗೆ ಬೀದಿಯೇ ಅವನು ಹೊಲಿದ ಹಾಸಿಗೆಯ ಮೇಲೆ ಗೊರಕೆ ಹೊಡೆಯುತ್ತಿತ್ತು. ಅವನೊಬ್ಬ ಮಾತ್ರ ಯುದ್ಧದಿಂದ ಬಂದ ಮೇಲೆ ನೆಲಕ್ಕೆ ಬೆನ್ನು ಹಚ್ಚಿ ನಿದ್ದೆ ಮಾಡಿದವನಲ್ಲ. ಮದುವೆಯಾದ ಹೊಸದರಲ್ಲಿ ಅವಳು ಅತ್ತಿದ್ದಳು, ಆಮೇಲೆ ಮುನಿಸಿಕೊಂಡಿದ್ದಳು, ಆಮೇಲೆ ಅವನ ಬೆನ್ನ ಹಿಂದೆ ಒಂದು ದಿಂಬು ಇಡುವುದನ್ನು ಕಲಿತಿದ್ದಳು.

"ಬಿಡಿ, ಹೀಗೇ ಇರಲಿ," ಎಂದು ಹತ್ತಿ ಅಂಗಡಿಯವನು ಹಣೆ ಒರೆಸಿಕೊಂಡ. "ಬದುಕಿದ್ದಾಗಲೂ ಇವನು ಯಾರ ಮಾತು ಕೇಳಿದ್ದ? ಹಾಸಿಗೆ ತುಂಬುವಾಗ ಎಲ್ಲರೂ ಹತ್ತಿಯನ್ನ ಅಂಗೈಯಲ್ಲಿ ಒತ್ತಿದರೆ ಇವನಿಗೆ ಮರದ ಹಲಗೆಯೇ ಆಗಬೇಕು. ನಿನ್ನ ಕೈ ಏನು ಗಾಜಿನದಾ ಮಾರಾಯ ಅಂತ ಎಷ್ಟು ಸಲ ಕೇಳಿದ್ದೀನೋ."

"ಅದಕ್ಕೆ ಏನಂದರು?" ಎಂದಳು ಹೆಂಡತಿ.

"ಏನಂತಾನೆ? ಹಲಗೆ ಎತ್ತಿಕೊಂಡ."

ಮೈದುನ ಅವಳ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದ, "ಅತ್ತಿಗೆ, ಆ ಪುಸ್ತಕ ಎಲ್ಲಿದೆ? ಮಣ್ಣು ಮಾಡೋ ಮುಂಚೆ ಆ ಪುಟ ಓದ್ತೀನಿ. ಅಣ್ಣ ಎಂಥವನಾಗಿದ್ದ ಅಂತ ನಾಲ್ಕು ಜನಕ್ಕೆ ಗೊತ್ತಾಗಲಿ."

ಯಾವ ಪುಟ ಎಂದು ಅವಳು ಕೇಳಲಿಲ್ಲ.

*

ಅವನಿದ್ದಾಗ ದಿನವೂ ಸಂಜೆ ಅಂಗಡಿಯ ಬಾಗಿಲು ಎಳೆದ ಮೇಲೆ ಅವಳು ಓದುತ್ತಿದ್ದಳು, ಅವನು ಸೂಜಿಗೆ ದಾರ ಪೋಣಿಸುತ್ತ ಕೇಳುತ್ತಿದ್ದ. ಅವನಿಗೆ ಬೇಕಾದದ್ದು ಯುದ್ಧದ ಪುಸ್ತಕಗಳು ಮಾತ್ರ. ಅದರಲ್ಲೂ ಸೇನಾಪತಿಗಳು ನಕ್ಷೆ ಬಿಡಿಸಿದರೆ, "ಇವಳೇ, ನೀನು ಓದ್ತಾ ಇರು, ನಾನು ನೀರು ಕುಡಿದು ಬರ್ತೀನಿ," ಎಂದು ಎದ್ದು ಹೋಗುವನು. ಬೂಟಿನೊಳಗೆ ನೀರು ಹೊಕ್ಕವನ ಕತೆ, ಬೀಡಿಯನ್ನು ಮೂವರು ಹಂಚಿಕೊಂಡ ಕತೆ, ಊರಿನ ಎಮ್ಮೆಯನ್ನು ನೆನೆಸಿಕೊಂಡು ಅತ್ತವನ ಕತೆ ಬಂದರೆ ಸೂಜಿ ನಿಲ್ಲುತ್ತಿತ್ತು. ತನ್ನ ಯುದ್ಧದ ಬಗ್ಗೆ ಅವನು ಒಂದು ಮಾತೂ ಆಡಿದವನಲ್ಲ. ಹೀಗಾಗಿ ಅವಳು ಅವನನ್ನು ಆ ಪುಸ್ತಕಗಳಲ್ಲಿಯೇ ಹುಡುಕುತ್ತಿದ್ದಳು.

ಒಂದು ದಿನ ಸಿಕ್ಕಿದನೆಂದುಕೊಂಡಳು. ರಟ್ಟು ಕಿತ್ತುಹೋದ ಒಂದು ಪುಸ್ತಕದಲ್ಲಿ, ಹಳ್ಳದಲ್ಲಿ ಅಡಗಿದ ಸಿಪಾಯಿಗಳ ನಡುವೆ ಗಾಯಗೊಂಡ ಹುಡುಗನೊಬ್ಬ ಸಾಯುತ್ತಿದ್ದ. ಬೆಳಕು ಹರಿಯಿತೇ ಎಂದು ಅವನು ಕೇಳುತ್ತಾನೆ. ಇನ್ನೂ ಕಗ್ಗತ್ತಲು. ಪಕ್ಕದಲ್ಲಿ ಮಲಗಿದ್ದ ಜೊತೆಗಾರ, ಹರಿಯಿತು ತಮ್ಮಾ, ಹಕ್ಕಿಗಳು ಎದ್ದಿವೆ, ಎನ್ನುತ್ತಾನೆ. ಹುಡುಗ ನಕ್ಕು ಕಣ್ಣು ಮುಚ್ಚುತ್ತಾನೆ.

ಅವಳು ತಲೆಯೆತ್ತಿದಾಗ ಗಂಡನ ಮುಖ ತೊಯ್ದಿತ್ತು.

"ಇನ್ನೊಂದು ಸಲ ಓದು, ಇವಳೇ."

ಓದಿದಳು. ಅಂದಿನಿಂದ ವರ್ಷಗಟ್ಟಲೆ ಆ ಪುಟವನ್ನು ಓದಿದಳು. ಆ ಜೊತೆಗಾರ ನೀವೇ ತಾನೆ ಎಂದು ಕೇಳಿದ್ದಕ್ಕೆ ಅವನು ಹೌದೆನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಅಷ್ಟು ಸಾಕಾಗಿತ್ತು ಅವಳಿಗೆ. ಮೈದುನನಿಗೆ ಹೇಳಿದಳು, ಬೀದಿಗೆಲ್ಲ ಹೇಳಿದಳು. ದೇವರ ಮುಂದೆ ಕೈಮುಗಿದಾಗಲೂ, ನನ್ನ ಗಂಡ ಸಾಯುವವನಿಗೆ ಬೆಳಗನ್ನು ಕೊಟ್ಟವನು ಎಂದು ಒಳಗೊಳಗೇ ಹೆಮ್ಮೆಪಟ್ಟಳು.

*

ಮಧ್ಯಾಹ್ನದ ಹೊತ್ತಿಗೆ ಕೊಕ್ಕರೆ ಬಂದ. ಉದ್ದ ಕಾಲಿನವನೆಂದು ಪಡೆಯಲ್ಲಿ ಇಟ್ಟ ಹೆಸರದು. ಗಂಡನ ಜೊತೆಗೆ ಆ ಯುದ್ಧದಲ್ಲಿದ್ದವರಲ್ಲಿ ಉಳಿದವನು ಇವನೊಬ್ಬ. ವರ್ಷಕ್ಕೋ ಎರಡು ವರ್ಷಕ್ಕೋ ಬಂದು, ಗಂಡನ ಪಕ್ಕ ಕೂತು, ಚಹಾ ಕುಡಿದು, ಮಾತಿಲ್ಲದೆ ಹೋಗುತ್ತಿದ್ದ. ಈಗಲೂ ಶವದ ಮುಂದೆ ಹಾಗೆಯೇ ಕೂತ.

ಅವಳು ಅವನನ್ನು ಅಂಗಡಿಯ ಕೋಣೆಗೆ ಕರೆದಳು. ಅರ್ಧ ಹೊಲಿದ ಹಾಸಿಗೆ ಬಾಯಿ ತೆರೆದುಕೊಂಡು ಬಿದ್ದಿತ್ತು. ಪುಟ ತೆರೆದು ಅವನ ಕೈಗಿಟ್ಟಳು.

"ಅಣ್ಣಾ, ಮಣ್ಣು ಮಾಡೋ ಕಡೆ ಮೈದುನ ಇದನ್ನ ಓದ್ತಾನಂತೆ. ಇದು ನಿಮ್ಮದೇ ಕತೆ ತಾನೆ? ಹೂಂ ಅಂದರೆ ಸಾಕು. ಅವರದು ಅಂತ ನನ್ನ ಹತ್ತಿರ ಉಳಿದಿರೋದು ಇದೊಂದೇ."

ಕೊಕ್ಕರೆ ತುಟಿ ಅಲುಗಿಸುತ್ತ ಓದಿದ. ಕೊನೆಯ ಸಾಲಿಗೆ ಬಂದು ತುಟಿ ನಿಂತಿತು.

"ಅಕ್ಕಾ, ಇದನ್ನ ಅಲ್ಲಿ ಓದಿಸಬೇಡಿ."

"ಯಾಕೆ?"

"ನಮ್ಮ ಹುಡುಗ ನಗಲಿಲ್ಲ."

ಅವನು ಹಾಸಿಗೆಯ ಅಂಚಿನಲ್ಲಿ ಕೂತ.

"ಹೊಟ್ಟೆಗೆ ಗುಂಡು ಬಿದ್ದಿತ್ತು. ಅಮ್ಮಾ ಅಮ್ಮಾ ಅಂತ ಕೂಗ್ತಿದ್ದ. ಹಳ್ಳದ ಮೇಲೆಯೇ ಶತ್ರುಗಳು ಓಡಾಡ್ತಿದ್ದರು, ಅವರು ಕೆಮ್ಮಿದ್ದೂ ನಮಗೆ ಕೇಳ್ತಿತ್ತು. ಸುಮ್ಮನಿರು ಅಂದ್ವಿ, ಬೇಡಿಕೊಂಡ್ವಿ. ಅವನಿಗೆಲ್ಲಿ ಆಗುತ್ತೆ? ಪಕ್ಕದಲ್ಲಿ ಮಲಗಿದ್ದೋನು ನಿಮ್ಮ ಯಜಮಾನ. ನಾವೆಲ್ಲ ಇವನ ಮುಖವೇ ನೋಡಿದ್ವಿ ಅಕ್ಕಾ. ಬಾಯಿಬಿಟ್ಟು ಯಾರೂ ಹೇಳಲಿಲ್ಲ, ನೋಡಿದ್ವಿ ಅಷ್ಟೇ. ಇವನು ಹುಡುಗನ ಬಾಯಿ ಮೇಲೆ ಅಂಗೈ ಇಟ್ಟ."

ಅವಳ ಕೈ ತಾನಾಗಿ ಮರದ ಹಲಗೆಯನ್ನು ಹಿಡಿದುಕೊಂಡಿತು.

"ಸದ್ದು ನಿಂತ ಮೇಲೂ ತೆಗೀಲಿಲ್ಲ. ಬೆಳಕಾದ ಮೇಲೆ ಅವರು ಹೋದರು. ಆಗ ಒಂದೊಂದೇ ಬೆರಳು ಹಿಡಿದು ನಾನೇ ಬಿಡಿಸಿದೆ. ನಾವು ಬದುಕಿ ಬಂದದ್ದು ಹಾಗೆ. ಮದುವೆ ಮಾಡ್ಕೊಂಡ್ವಿ, ಮಕ್ಕಳಾದವು."

"ನನಗೆ ಯಾಕೆ ಹೇಳಲಿಲ್ಲ ಅವರು?"

"ಹೇಳಿದ್ದರೆ ಅವನ ಕೈಯಿಂದ ಒಂದು ಲೋಟ ನೀರು ಇಸ್ಕೊಂಡು ಕುಡೀತಿದ್ದಿರಾ?"

ಅವಳು ಹಲಗೆಯನ್ನು ಹಾಸಿಗೆಯ ಮೇಲಿಟ್ಟಳು. ದೇವರೇ, ಎಂದಳು. ಅದರ ಮುಂದೆ ಏನು ಬೇಡಿಕೊಳ್ಳಬೇಕೋ ತಿಳಿಯಲಿಲ್ಲ.

ಹೊರಗೆ ಶವ ಸಾಗಿಸುವ ವಾಹನ ಬಂದು ನಿಂತಿತು. "ಅತ್ತಿಗೆ, ಪುಸ್ತಕ ಕೊಡಿ, ಹೊತ್ತಾಯಿತು," ಎಂದು ಮೈದುನ ಬಾಗಿಲಿಗೆ ಬಂದ.

"ಅಲ್ಲಿ ಓದೋದು ಬೇಡ."

"ಜನ ಕಾಯ್ತಾ ಇದ್ದಾರೆ. ನಾನೇ ಹೇಳಿಬಿಟ್ಟಿದ್ದೀನಿ."

"ಬೇಡ ಅಂದೆನಲ್ಲ. ಓದೋದಾದರೆ ನಾನೇ ಓದ್ತೀನಿ, ಇಲ್ಲೇ ಓದ್ತೀನಿ. ಎಲ್ಲರನ್ನೂ ಒಂದು ಗಳಿಗೆ ಹೊರಗೆ ಕಳಿಸು."

ಮೈದುನ ಅವಳ ಮುಖ ನೋಡಿ, ಹೋಗಿ ಜನರನ್ನು ಎಬ್ಬಿಸಿದ. ಶವವಿದ್ದ ಕೋಣೆ ಖಾಲಿಯಾಯಿತು. ಅವಳು ಅಲ್ಲಿಗೆ ಹೋಗಿ ಗೋಡೆಗೆ ಬೆನ್ನು ಕೊಟ್ಟು ಕೂತು, ಗಂಡನ ಭುಜಗಳನ್ನು ಎಳೆದೆಳೆದು ತನ್ನ ಎದೆಗೆ ಒರಗಿಸಿಕೊಂಡಳು. ಭಾರವಿತ್ತು. ಮಡಚಿದ ಮೊಣಕಾಲುಗಳು ಈಗ ಸರಿಯಾಗಿ ಕೂತವು. ಬಟ್ಟೆಯೊಳಗೆ ಕಂಕುಳಲ್ಲಿ ಸೆಟೆದಿದ್ದ ಅವನ ಬಲಗೈಯನ್ನು ಮೆಲ್ಲಮೆಲ್ಲಗೆ ಬಿಡಿಸಿ ಈಚೆ ತೆಗೆದಳು. ಎಷ್ಟೋ ವರ್ಷ ಅವಳಿಗೆ ಹಿಡಿಯಲು ಸಿಗದ ಅಂಗೈ ಅದು. ಸೂಜಿ ಚುಚ್ಚಿದ ಗುರುತು ಬಿಟ್ಟರೆ ಬೇರೇನೂ ಅದರಲ್ಲಿ ಕಾಣಲಿಲ್ಲ. ಅದನ್ನು ತನ್ನ ಕೆನ್ನೆಯತ್ತ ಎತ್ತಿದಳು. ತುಟಿಯ ಹತ್ತಿರ ಬಂದಾಗ ಮುಖ ಹಿಂದೆಗೆದಳು. ಕೈಯನ್ನು ಮಡಿಲಲ್ಲಿಟ್ಟು, ಅದರ ಮೇಲೆ ಪುಸ್ತಕ ತೆರೆದಳು.

ಓದಿದಳು. ಹುಡುಗ ಬೆಳಕು ಹರಿಯಿತೇ ಎಂದು ಕೇಳಿದ. ಜೊತೆಗಾರ, ಹಕ್ಕಿಗಳು ಎದ್ದಿವೆ, ಎಂದ. ಮುಂದಿನ ಸಾಲಿನ ಕೆಳಗೆ ಅವಳು ಬೆರಳಿಟ್ಟಳು. ಅಚ್ಚಾದ ಹಾಗೆಯೇ, ಹುಡುಗ ನಕ್ಕು ಕಣ್ಣು ಮುಚ್ಚಿದ, ಎಂದು ಓದಿ ಮುಗಿಸಿದಳು.

ಹೊರಗೆ ವಾಹನದವನು ಹಾರ್ನ್ ಒತ್ತಿದ.

ಅವಳು ತಲೆಯೆತ್ತಿದಳು. ಎಲ್ಲರೂ ಹೋಗಿದ್ದರೂ ಕೊಕ್ಕರೆ ಹೋಗಿರಲಿಲ್ಲ. ಬಾಗಿಲ ಪಕ್ಕದ ಗೋಡೆಗೆ ಬೆನ್ನು ಕೊಟ್ಟು, ಉದ್ದ ಕಾಲುಗಳನ್ನು ಮಡಚಿ, ಎರಡೂ ಕೈಗಳನ್ನು ಕಂಕುಳಲ್ಲಿ ಸೇರಿಸಿಕೊಂಡು ನೆಲದ ಮೇಲೆ ಕೂತಿದ್ದ. ಅವನ ಮುಖ ತೊಯ್ದಿತ್ತು.

"ಇನ್ನೊಂದು ಸಲ ಓದಿ, ಅಕ್ಕಾ," ಎಂದ.