ಅಕ್ಕನ ಬದುವಿನ ಹೂಗಿಡಗಳು

ಅಣ್ಣತಮ್ಮಂದಿರ ಹೊಲಗಳು ಅಕ್ಕಪಕ್ಕ. ಎರಡರಲ್ಲೂ ಕುಂಬಳ, ಒಂದೇ ಬೀಜ, ಒಂದೇ ಬಾವಿಯ ನೀರು. ಆದರೂ ಹಿರಿಸೊಸೆಯ ಹೊಲದಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಕಾಯಿ. ಕಿರಿಸೊಸೆಯ ಬಳ್ಳಿಯಲ್ಲಿ ಹೀಚು ಹಳದಿಯಾಗಿ ಉದುರುತ್ತಿತ್ತು. ಹೊಟ್ಟೆ ಉರಿಯದೆ ಇದ್ದೀತೇ? ತಾನು ಅಕ್ಕ ಎಂದು ಕರೆಯುತ್ತಿದ್ದ ಆ ಹಿರಿಸೊಸೆ ಎದುರಿಗೆ ಸಿಕ್ಕಿ ನಕ್ಕರೂ ಅಣಕಿಸಿದಂತೆ ಕಾಣುತ್ತಿತ್ತು.

ಅದರ ಮೇಲೆ ಕೃಷಿ ಅಧಿಕಾರಿ ಬಂದು ಅಕ್ಕನ ಬದುವಿನಲ್ಲಿ ಹಸಿರು ಫಲಕ ನೆಟ್ಟು ಹೋದರು. ಜೀವವೈವಿಧ್ಯ ಉಳಿಸುವ ಸರ್ಕಾರದ ಯೋಜನೆಯಂತೆ. ಹೊಲದಂಚನ್ನು ಉಳದೆ, ಸುಡದೆ, ಔಷಧಿ ಹೊಡೆಯದೆ ಬಿಟ್ಟವರಿಗೆ ಹೂಗಿಡದ ಬೀಜ ಪುಕ್ಕಟೆ. ಊರೆಲ್ಲ ಅಕ್ಕನನ್ನು ಹೊಗಳಿತು.

“ಕಳೆ ಬೆಳೆಸಿದೋರಿಗೂ ಮರ್ಯಾದೆ,” ಎಂದು ಕಿರಿಸೊಸೆ ಗೊಣಗಿದಳು. ತಮ್ಮ ಬದುವನ್ನು ಬೋಳಿಸಿಟ್ಟಿದ್ದ ಅವಳ ಗಂಡ ಹೌದೆಂದು ತಲೆಯಾಡಿಸಿದ.

ಅಕ್ಕ ಪೇಟೆಗೆ ಹೋದ ದಿನ ನೋಡಿಕೊಂಡು, ಕಿರಿಸೊಸೆ ಕಳೆನಾಶಕದ ಡಬ್ಬ ಬೆನ್ನಿಗೇರಿಸಿ ಆ ಬದುವಿಗೆಲ್ಲ ಹೊಡೆದಳು. ಹೂಗಿಡಗಳು ಸುಟ್ಟಂತೆ ಒಣಗಿದವು. ಅವಳ ಹೊಟ್ಟೆ ತಣ್ಣಗಾಯಿತು.

ಹೆಚ್ಚು ದಿನವಲ್ಲ. ಅಕ್ಕನ ಹೀಚೂ ಉದುರತೊಡಗಿತು. ಕಿರಿಸೊಸೆಯ ಬಳ್ಳಿಯಲ್ಲಿ ಅಲ್ಲೊಂದು ಇಲ್ಲೊಂದು ಕಾಯಿ ಕಚ್ಚುತ್ತಿದ್ದದ್ದೂ ನಿಂತಿತು. ಬೆಳಗ್ಗೆ ಹೂವರಳುವ ಹೊತ್ತಿಗೆ ಹೊಲ ಬಿಕೋ ಎನ್ನುತ್ತಿತ್ತು.

ಒಂದು ಬೆಳಗ್ಗೆ ಅಕ್ಕ ಗಂಡುಹೂ ಕಿತ್ತು ಹೆಣ್ಣುಹೂವಿಗೆ ಒಂದೊಂದಾಗಿ ಸವರುತ್ತಿದ್ದಳು. ಇದೇನೆಂದು ಕಿರಿಸೊಸೆ ಕೇಳಿದಳು.

“ಜೇನುನೊಣ ಮಾಡ್ತಿದ್ದ ಕೆಲಸ. ಹೂವಿನ ಪುಡಿ ಮುಟ್ಟದೆ ಕಾಯಿ ನಿಲ್ಲಲ್ಲ. ಕುಂಬಳದ ಹೂ ಬೆಳಗ್ಗೇನೇ ಮುದುಡುತ್ತೆ, ಉಳಿದ ಹೊತ್ತಿಗೆ ಅವು ಆ ಬದುವಿನ ಹೂ ನಂಬ್ಕೊಂಡಿದ್ವು. ನಿನ್ನ ಹೊಲಕ್ಕೂ ಅಲ್ಲಿಂದಲೇ ಬರ್ತಿದ್ವು ಕಣೇ.”

ಕಿರಿಸೊಸೆ ಒಣಗಿದ ಬದುವಿನತ್ತ ನೋಡಿದಳು. “ಔಷಧಿ ಹೊಡೆದೋಳು ನಾನೇ ಅಕ್ಕ. ನಿನ್ನ ಬೆಳೆ ನೋಡಿ ತಡ್ಕೊಳ್ಳೋಕೆ ಆಗ್ಲಿಲ್ಲ.”

ಅಕ್ಕ ಮುಖ ತಿರುಗಿಸಿ ಮುಂದಿನ ಹೂ ಸವರಿದಳು. ಆಮೇಲೆ ಒಂದು ಗಂಡುಹೂವನ್ನು ಅವಳ ಕೈಗಿಟ್ಟಳು.

“ನನ್ನ ಸಿಟ್ಟು ಇಳಿಯೋಕೆ ದಿನ ಬೇಕು. ಅಲ್ಲೀವರೆಗೂ ಈ ಸಾಲು ನಿಂದು.”

ಇಬ್ಬರೂ ದಿನವೂ ಬೆನ್ನು ಬಗ್ಗಿಸಿದರೂ ಉಳಿದದ್ದು ಅರ್ಧ ಬೆಳೆ. ತಮ್ಮ ಬದುವನ್ನೂ ಹೂವಿಗೆ ಬಿಡೋಣವೆಂದು ಕಿರಿಸೊಸೆ ಹೇಳಿದಾಗ, ಅಷ್ಟು ನೆಲ ದಂಡವೆಂದು ಗಂಡ ಮೊದಲು ರಾಗ ಎಳೆದ. ಹೆಂಡತಿಯ ಜೊತೆ ಒಂದು ಬೆಳಗ್ಗೆ ಹೂ ಸವರಿ ಸೊಂಟ ಹಿಡಿದುಕೊಂಡ ಮೇಲೆ, ತಾನೇ ಕೃಷಿ ಕಚೇರಿಗೆ ಹೋಗಿ ಬೀಜ ತಂದ. ಮುಂದಿನ ಬೆಳೆಗೆ ಎರಡೂ ಹೊಲಗಳಲ್ಲಿ ಜೇನು ಗುಂಯ್‌ಗುಟ್ಟಿತು.

ಪಕ್ಕದವರ ಬೆಳೆ ಕಂಡು ನಿಮಗೂ ಹೊಟ್ಟೆ ಉರಿಯುತ್ತಿದೆಯೇ? ಹಾಗಾದರೆ ಅವರ ಹೊಲದಂಚನ್ನು ಒಮ್ಮೆ ನೋಡಿ ಬನ್ನಿ. ನಿಮ್ಮದರಲ್ಲೂ ಒಂದಿಷ್ಟು ನೆಲವನ್ನು ಹೂವಿಗೆ, ಜೇನಿಗೆ, ಹಕ್ಕಿಗೆ ಬಿಡಿ. ಇದಕ್ಕೆ ಸರ್ಕಾರದ ನೆರವು ಏನಿದೆಯೆಂದು ಇವತ್ತೇ ಹೋಗಿ ಕೇಳಿ.