ಬ್ರೇಕಿನ ಮೇಲೆ ಯಾರ ಕಾಲು

ಇನ್ನು ಮೇಲೆ ಸ್ಟೀರಿಂಗ್ ಹಿಡಿಯುವುದು ಬೇಡ ಎಂದು ಕಣ್ಣಿನ ಡಾಕ್ಟರು ಹೇಳಿದ ದಿನ ಮಾವ ಮನೆಗೆ ಬಂದವರೇ ಕಾರು ತೊಳೆದರು. ತೊಳೆದು, ಒರೆಸಿ, ಕೀಲಿಕೈ ತಂದು ಸೊಸೆಯ ಮುಂದೆ ಮೇಜಿನ ಮೇಲಿಟ್ಟರು. "ಎರಡನೇ ಗೇರು ಸ್ವಲ್ಪ ಹಟಮಾರಿ. ಅದರ ಮೇಲೆ ಸಿಟ್ಟು ಮಾಡ್ಕೋಬೇಡ, ನಯವಾಗಿ ಹಾಕು" ಎಂದಷ್ಟೇ ಹೇಳಿ ಒಳಗೆ ಹೋದರು.

ಅವರು ಆಯುಷ್ಯವಿಡೀ ಬಸ್ಸು ಓಡಿಸಿದವರು. ಒಂದು ಸಲವೂ ಯಾರಿಗೂ ತಗುಲಿಸಿದ್ದಿಲ್ಲ. ನಿವೃತ್ತರಾದ ಮೇಲೆ ಕೈ ಸುಮ್ಮನಿರದೆ ಕೊಂಡದ್ದು ಈ ಮಾಸಲು ಹಸಿರು ಕಾರು. ಕೊಂಡಾಗಲೇ ಅದಕ್ಕೆ ವಯಸ್ಸಾಗಿತ್ತು. ಸೊಸೆಗಂತೂ ಕಾರು ಬೇಕೇ ಬೇಕಿತ್ತು. ಅವಳು ಪಿಯಾನೋ ರಿಪೇರಿ ಮಾಡುವವಳು. ಪಿಯಾನೋ ಅವಳ ಬಳಿಗೆ ಬರುವಂಥದ್ದಲ್ಲ, ಅವಳೇ ಅದಿದ್ದಲ್ಲಿಗೆ ಹೋಗಬೇಕು. ಹೋಗುವಾಗ ತಂತಿ, ಮೊಳೆ, ಉಣ್ಣೆಯ ಪಟ್ಟಿ, ಚರ್ಮದ ಚೂರು ತುಂಬಿದ ಪೆಟ್ಟಿಗೆಯನ್ನೂ ಹೊರಬೇಕು. ಅದನ್ನು ಹೊತ್ತು ಹೊತ್ತು ನಿನ್ನ ಒಂದು ಹೆಗಲು ಇಳಿಜಾರಾಗಿದೆ ಎಂದು ಗಂಡ ತಮಾಷೆ ಮಾಡುತ್ತಿದ್ದ.

ಕೀಲಿಕೈ ಕೊಟ್ಟರೇನು, ಮಾವ ಕಾರನ್ನು ಬಿಟ್ಟುಕೊಡಲಿಲ್ಲ. ಅವಳು ಹೊರಟಾಗಲೆಲ್ಲ ಪಕ್ಕದ ಸೀಟಿನಲ್ಲಿ ಹಾಜರು. ಬಲಕ್ಕೆ ಸೈಕಲ್ಲು, ಎಡಕ್ಕೆ ನಾಯಿ, ಮುಂದೆ ಗುಂಡಿ ಎಂದು ವರದಿ ಒಪ್ಪಿಸುತ್ತ ಕೂರುವರು. ಅವರಿಗೆ ಸೈಕಲ್ಲು ಕಾಣುವುದಕ್ಕೆ ಮುಂಚೆಯೇ ಅವಳಿಗೆ ಕಂಡಿರುತ್ತಿತ್ತು, ಆದರೂ ಅವಳು "ಹೂಂ ಮಾವ" ಅನ್ನುತ್ತಿದ್ದಳು. ಅವರ ಮಾತು ಅವಳಿಗೆ ಬೇಸರವಾಗಿರಲಿಲ್ಲ. ದಿನವಿಡೀ ಖಾಲಿ ಸಭಾಂಗಣಗಳಲ್ಲಿ ಒಬ್ಬಳೇ ಕೂತು ಒಂದೊಂದೇ ಸ್ವರ ಕುಟ್ಟುವವಳಿಗೆ ಹೋಗಿಬರುವ ದಾರಿಯಲ್ಲಿ ಒಂದು ಜೊತೆಯಾಯಿತಲ್ಲ.

ತಕರಾರು ಶುರುವಾದದ್ದು ಹಿಂದಿನ ಗಾಡಿಗಳಿಂದ. ಮೊದಲು ಒಂದು ಲಾರಿ ಬೆನ್ನ ಹಿಂದೆಯೇ ಬಂದು ಕಿವಿ ಕಿತ್ತುಹೋಗುವ ಹಾಗೆ ಹಾರ್ನ್ ಹಾಕಿತು. ಪಕ್ಕಕ್ಕೆ ಬಂದಾಗ ಲಾರಿಯವನು ತಲೆ ಹೊರಗೆ ಹಾಕಿ, "ಅಕ್ಕಾ, ಬ್ರೇಕಿನ ಮೇಲಿಂದ ಕಾಲು ತೆಗೀರಿ, ಹಿಂದೆ ಬರೋರು ಏನಂತ ತಿಳ್ಕೋಬೇಕು?" ಎಂದು ಕೂಗಿ ಹೋದ. ಮಾವನ ಕಿವಿ ನೆಟ್ಟಗಾಯಿತು.

"ಬ್ರೇಕ್ ಮೇಲೆ ಕಾಲಿಟ್ಕೊಂಡು ಓಡಿಸ್ತಾ ಇದೀಯೇನಮ್ಮ?"

"ಇಲ್ಲ ಮಾವ."

"ಗೊತ್ತಾಗದ ಹಾಗೇ ಇಟ್ಟಿರ್ತಾರೆ. ಹೊಸಬರೆಲ್ಲ ಹಾಗೇ. ತಪ್ಪೇನಿಲ್ಲ, ಬಿಟ್ಟುಬಿಡಬೇಕು ಅಷ್ಟೆ."

ಅವಳು ಹೊಸಬಳೇನೂ ಆಗಿರಲಿಲ್ಲ. ಆದರೆ ಮಾರನೆಯ ದಿನ ಒಬ್ಬ ಸ್ಕೂಟರಿನವನು ಅದನ್ನೇ ಹೇಳಿದ. ಅದರ ಮಾರನೆಯ ದಿನ ಚೌಕದಲ್ಲಿ ನಿಂತಿದ್ದ ಪೊಲೀಸಿನವನು ಕೈಸನ್ನೆ ಮಾಡಿ ಅವಳ ಕಾಲು ತೋರಿಸಿದ. ರಾತ್ರಿ ಊಟಕ್ಕೆ ಕೂತಾಗ ಗಂಡನೂ, "ಇಷ್ಟು ಜನ ಹೇಳ್ತಿದ್ದಾರೆ ಅಂದ್ರೆ ಇರಬಹುದಲ್ವಾ?" ಎಂದ. ಅತ್ತೆ ಮಾತ್ರ ಯಾರ ಪಕ್ಷವನ್ನೂ ವಹಿಸದೆ, "ಕಾಲು ಅವಳದ್ದು. ಎಲ್ಲಿಟ್ಟಿದೀನಿ ಅಂತ ಅವಳಿಗೆ ಗೊತ್ತಿರಲ್ವಾ?" ಎಂದು ಮಜ್ಜಿಗೆ ಬಡಿಸಿದರು.

ಅವಳಿಗೇ ಅನುಮಾನ ಹತ್ತಿತು. ತೆಳು ಅಡಿಯ ಚಪ್ಪಲಿ ಹಾಕಿಕೊಂಡಳು. ಅದೂ ಸಾಲದೆ ಬರಿಗಾಲಲ್ಲಿ ಓಡಿಸಿ ನೋಡಿದಳು. ಬಲಗಾಲನ್ನು ಬ್ರೇಕಿನಿಂದ ಎಷ್ಟು ದೂರ ಇಡುತ್ತಿದ್ದಳೆಂದರೆ ಸಂಜೆ ಹೊತ್ತಿಗೆ ಮೀನಖಂಡ ಕಲ್ಲಾಗುತ್ತಿತ್ತು. ಆದರೂ ಹಾರ್ನ್ ನಿಲ್ಲಲಿಲ್ಲ.

ಅವಳಿಗೆ ನಿಜವಾಗಿ ನೋವಾದದ್ದು ಕ್ಷೌರದಂಗಡಿಯ ಮುಂದೆ. ಅಲ್ಲಿ ಹಾದುಹೋಗುವಾಗ ಕ್ಷೌರಿಕ ಕತ್ತರಿ ಹಿಡಿದೇ ಹೊರಗೆ ಬಂದು, "ಏನಮ್ಮ, ಕಾಲು ಈಗ ಹೇಗಿದೆ?" ಎಂದು ನಕ್ಕ. ಒಳಗೆ ಬೆಂಚಿನ ಮೇಲೆ ಕೂತವರೂ ನಕ್ಕರು. ಮಾವ ಊರಿಗೆಲ್ಲ ಡಂಗುರ ಹೊಡೆದಿದ್ದಾರೆ ಎಂದು ಆಗ ತಿಳಿಯಿತು. ಅವಳೂ ನಕ್ಕಂತೆ ಮಾಡಿ ಮುಂದೆ ಹೋದಳು, ಆದರೆ ಅಂದು ಸಂಜೆ ಮಾವನ ಜೊತೆ ಹೆಚ್ಚು ಮಾತಾಡಲಿಲ್ಲ. ಅವರಿಗೂ ಏನೋ ಹೊಳೆದಿರಬೇಕು, ಸೈಕಲ್ಲು ನಾಯಿಗಳ ವರದಿ ಕಡಿಮೆಯಾಯಿತು.

ಮರುದಿನ ಬೆಳಿಗ್ಗೆ ಅವಳಿಗೆ ಸಂಗೀತ ಶಾಲೆಯಲ್ಲಿ ಕೆಲಸವಿತ್ತು. ಕೀಲಿಕೈ ತಿರುಗಿಸಿದರೆ ಕಾರು ಗಂಟಲು ಕಟ್ಟಿದವರ ಹಾಗೆ ಕ್ಕ್ ಎಂದು ಸುಮ್ಮನಾಯಿತು.

"ಬ್ಯಾಟರಿ ಸತ್ತಿದೆ" ಎಂದರು ಮಾವ. "ರಾತ್ರಿ ದೀಪ ಆರಿಸಿದ್ದೆ ತಾನೆ?"

"ಆರಿಸಿದ್ದೆ ಮಾವ. ಇನ್ನು ಇದೂ ನನ್ನ ತಲೆಗೇ ಕಟ್ಟಬೇಡಿ."

ಅವಳು ಅಷ್ಟು ಖಾರವಾಗಿ ಮಾತಾಡಿದ್ದು ಅದೇ ಮೊದಲು. ಮಾವ ಗಲ್ಲ ಕೆರೆದುಕೊಂಡು, ಎದುರುಮನೆಯ ಬ್ರೆಡ್ಡಿನವನನ್ನು ಕರೆಯಲು ಹೋದರು. ಅವನು ತನ್ನ ವ್ಯಾನನ್ನು ಕಾರಿನ ಮೂತಿಗೆ ಮೂತಿ ತಾಗುವಂತೆ ನಿಲ್ಲಿಸಿ, ಎರಡರ ಬ್ಯಾಟರಿಗೂ ವೈರು ಸಿಕ್ಕಿಸಿದ. ಕಾರಿಗೆ ಜೀವ ಬಂತು. ಸ್ವಲ್ಪ ಹೊತ್ತು ಓಡಲಿ ಎಂದು ಬಿಟ್ಟು, ವೈರು ಬಿಚ್ಚಿಕೊಂಡು ಅವನು ತನ್ನ ದಾರಿ ಹಿಡಿದ. ಅವಳು ಪೆಟ್ಟಿಗೆ ತರಲೆಂದು ಎಂಜಿನ್ ನಿಲ್ಲಿಸಿ, ಕೀಲಿಕೈ ತೆಗೆದುಕೊಂಡು ಕೆಳಗಿಳಿದಳು.

ಆಗ ಗಿಡಗಳಿಗೆ ನೀರು ಹಾಕಲು ಬಂದಿದ್ದ ಅತ್ತೆ ಕಾರಿನ ಹಿಂದೆ ನಿಂತು, "ಹಿಂದೆ ಕೆಂಪು ದೀಪ ಉರೀತಾ ಇದೆಯಲ್ರೀ" ಎಂದರು.

ಇಬ್ಬರೂ ಹಿಂದಕ್ಕೆ ಹೋದರು. ಬ್ರೇಕ್ ಒತ್ತಿದಾಗ ಮಾತ್ರ ಹೊತ್ತಬೇಕಾದ ಎರಡೂ ದೀಪಗಳು ನಿಗಿನಿಗಿ ಉರಿಯುತ್ತಿದ್ದವು. ಕಾರಿನೊಳಗೆ ನರಪಿಳ್ಳೆಯಿಲ್ಲ, ಕೀಲಿಕೈ ಅವಳ ಕೈಯಲ್ಲಿದೆ. ಮಾವ ಬಗ್ಗಿ ದೀಪ ನೋಡಿದರು, ಕಿಟಕಿಯಿಂದ ಖಾಲಿ ಸೀಟು ನೋಡಿದರು, ಕೊನೆಗೆ ನೆಲದ ಮೇಲೆ ಊರಿದ್ದ ಸೊಸೆಯ ಎರಡೂ ಕಾಲು ನೋಡಿದರು.

"ಮೂರನೇ ಕಾಲು ಇದ್ರೆ ಕೇಳಿ, ತೋರಿಸ್ತಾಳೆ" ಎಂದರು ಅತ್ತೆ.

ಸೊಸೆಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಸಿಟ್ಟು ಎಲ್ಲಿ ಹೋಯಿತೋ, ನಗು ಉಕ್ಕಿ ಬಂತು. ಮಾವನೂ ತಡೆಯಲಾರದೆ ನಕ್ಕುಬಿಟ್ಟರು, ಆದರೆ ನಗುವಿನ ನಡುವೆಯೇ ಅಂಗಿಯ ತೋಳು ಮೇಲೇರಿಸಿದರು. "ಶಾಲೆಗೆ ಫೋನ್ ಮಾಡಿ ತಡವಾಗುತ್ತೆ ಅನ್ನು. ಇದನ್ನ ಹೀಗೇ ಬಿಟ್ರೆ ಬ್ಯಾಟರಿ ಮತ್ತೆ ಮಲಗುತ್ತೆ."

ಮಾವನಿಗೆ ಏನು ನೋಡಬೇಕೆಂದು ಗೊತ್ತು, ಕಣ್ಣಿಗೆ ಕಾಣದು, ಸೊಂಟ ಬಗ್ಗದು. ಹಾಗಾಗಿ ಸೊಸೆ ಸೀಟಿನ ಮೇಲೆ ಬೆನ್ನು ಹಾಕಿ, ತಲೆಯನ್ನು ಪೆಡಲುಗಳ ಬಳಿಗೆ ಇಳಿಬಿಟ್ಟು, ಕಾಲುಗಳನ್ನು ಬಾಗಿಲ ಹೊರಗೆ ಚಾಚಿ ಮಲಗಿದಳು. ಅತ್ತೆಯನ್ನು ಹಿಂದಿನ ದೀಪಗಳ ಕಾವಲಿಗೆ ನಿಲ್ಲಿಸಿದ್ದಾಯಿತು. ಮಾವ ನಡುವೆ ನಿಂತು ಅಪ್ಪಣೆ ಕೊಡತೊಡಗಿದರು.

"ಮೊದಲು ಪೆಡಲು ಪೂರ್ತಿ ಮೇಲೆ ಬಂದಿದೆಯಾ ನೋಡು. ಕೈಯಲ್ಲಿ ಎತ್ತು."

ಎತ್ತಿದಳು. ಅದು ಬರುವಷ್ಟೂ ಮೇಲೆ ಬಂದಿತ್ತು. "ಉರೀತಾನೇ ಇದೆ" ಎಂದರು ಅತ್ತೆ.

"ಈಗ ಪೆಡಲಿನ ಕಡ್ಡಿ ಹಿಡ್ಕೊಂಡು ಮೇಲೆ ಹೋಗು. ಅಲ್ಲೊಂದು ಚಿಕ್ಕ ಸ್ವಿಚ್ಚು, ಎರಡು ವೈರು ಬಂದಿರುತ್ತೆ. ವೈರಿನ ಕೊಂಡಿ ಎಳಿ."

ಎಳೆದಳು. ಹಿಂದಿನಿಂದ ಅತ್ತೆ, "ಆರಿತು" ಎಂದರು.

"ಹಾಗಾದ್ರೆ ವೈರಿಂಗ್ ಸರಿಯಿದೆ. ಸ್ವಿಚ್ಚಿನದೇ ಕಿತಾಪತಿ. ಕೊಂಡಿ ಮತ್ತೆ ಹಾಕು, ಸ್ವಿಚ್ಚಿನ ಮೂತಿಯಲ್ಲಿ ಒಂದು ಗುಂಡಿ ಇರುತ್ತೆ, ಬೆರಳಲ್ಲಿ ಒತ್ತು."

ಒತ್ತಿದಳು, ಆರಿತು. ಬಿಟ್ಟಳು, ಹೊತ್ತಿತು. ಮತ್ತೆ ಒತ್ತಿದಳು, ಬಿಟ್ಟಳು. ಅವಳ ತಲೆಯೊಳಗೂ ಒಂದು ದೀಪ ಹೊತ್ತಿತು. ಪಿಯಾನೋದ ಕೀಲಿಮಣೆಯ ಮೇಲೆ ಬೆರಳಿಟ್ಟರೆ ಒಳಗಿನ ಮೆತ್ತೆ ತಂತಿಯಿಂದ ಮೇಲೇಳುತ್ತದೆ, ಬೆರಳು ತೆಗೆದರೆ ಬಂದು ಕೂತು ಸ್ವರವನ್ನು ಮುಚ್ಚುತ್ತದೆ. ಮೆತ್ತೆ ಸವೆದರೆ ಬೆರಳು ತೆಗೆದ ಮೇಲೂ ಸ್ವರ ಗುಂಯ್‌ಗುಡುತ್ತಲೇ ಇರುತ್ತದೆ. ಅಂಥ ಎಷ್ಟು ಪಿಯಾನೋಗಳನ್ನು ಅವಳು ಸುಮ್ಮನಾಗಿಸಿಲ್ಲ.

"ಮಾವ, ಸ್ವಿಚ್ಚು ಚೆನ್ನಾಗೇ ಇದೆ" ಎಂದಳು ತಲೆಕೆಳಗಾಗಿಯೇ. "ಕಾಲು ತೆಗೆದಾಗ ಪೆಡಲು ಬಂದು ಈ ಗುಂಡೀನ ಒತ್ತಬೇಕು, ಹೌದಾ? ಆದ್ರೆ ಒತ್ತೋ ಜಾಗದಲ್ಲಿ ಬರೀ ತೂತಿದೆ. ಗುಂಡಿ ತೂತಿನೊಳಗೆ ಹೋಗಿ ಕೂತಿದೆ."

ಮಾವ ಬಾಗಿಲ ಮೇಲೆ ಕೈ ತಟ್ಟಿದರು. "ಅಲ್ಲೊಂದು ರಬ್ಬರಿನ ಬಿಲ್ಲೆ ಇರಬೇಕು ಕಣಮ್ಮ. ಹಳೇದಾಗಿ ಉದುರಿದೆ. ಅಷ್ಟಷ್ಟೇ ಉದುರಿರಬೇಕು, ಅದಕ್ಕೇ ಇಷ್ಟು ದಿನ ನಿಂತಾಗ ಆರಿ, ಓಡುವಾಗ ಅದುರಿ ಹೊತ್ಕೊಳ್ತಾ ಇತ್ತು."

"ಕಂದು ಬಣ್ಣದ್ದಾ?" ಎಂದು ಅತ್ತೆ ಹಿಂದಿನಿಂದ ಬಂದರು. "ಪುಡಿಪುಡಿಯಾಗಿ ಚಾಪೆ ಮೇಲೆ ಬಿದ್ದಿತ್ತು. ನೀವು ಕಾರಲ್ಲಿ ಕೂತು ಬಿಸ್ಕತ್ತು ತಿಂದಿದೀರಿ ಅಂತ ಬೈದು ಗುಡಿಸಿ ಬಿಸಾಕಿದೆ."

"ನಾನು ತಿಂದಿಲ್ಲ ಅಂದ್ರೂ ನಂಬಲಿಲ್ಲ ನೀನು."

"ಹೌದು. ಈಗ ಗೊತ್ತಾಯ್ತಾ, ಮಾಡದೇ ಇದ್ದಿದ್ದಕ್ಕೆ ಬೈಸಿಕೊಂಡ್ರೆ ಹೇಗಿರುತ್ತೆ ಅಂತ?"

ಮಾವ ಒಳಗೆ ಹೋಗಿ ಸೊಸೆಯ ಪೆಟ್ಟಿಗೆ ತಂದುಕೊಟ್ಟರು.

ಸೊಸೆ ಪೆಟ್ಟಿಗೆ ತೆರೆದಳು. ಉಣ್ಣೆಯ ಬಿಲ್ಲೆ ಮೆತ್ತಗಾಯಿತು, ಚರ್ಮದ್ದು ನಿಲ್ಲಲಿಲ್ಲ. ಪಿಯಾನೋದ ಮುಚ್ಚಳ ಬಡಿಯದಿರಲೆಂದು ಹಾಕುವ ರಬ್ಬರಿನ ಗುಂಡಿಗಳಲ್ಲಿ ಹಿಂದೆ ಗಿಡ್ಡ ಬಾಲವಿರುವ ಒಂದು ಸಿಕ್ಕಿತು. ಬಾಲವನ್ನು ಬ್ಲೇಡಿನಲ್ಲಿ ಕೆತ್ತಿ, ತೂತಿಗೆ ಒತ್ತಿ ಕೂರಿಸಿದಳು. ಹೇಳಿ ಮಾಡಿಸಿದ ಹಾಗೆ ಕೂತಿತು. ದೀಪ ಆರಿತು.

"ಯಾರಾದ್ರೂ ಒತ್ತಿ ಬಿಟ್ಟು ನೋಡ್ಬೇಕು" ಎಂದರು ಮಾವ. ಸೊಸೆಯ ಕೈ ಗ್ರೀಸಾಗಿತ್ತು, ಅವಳು ದೀಪ ನೋಡಲು ಹಿಂದೆ ಹೋದಳು. ಅತ್ತೆ ಸೆರಗು ಸಿಕ್ಕಿಸಿಕೊಂಡು ಚಾಲಕನ ಸೀಟಿನಲ್ಲಿ ಕೂತರು. ಇಷ್ಟು ವರ್ಷ ಆ ಕಾರಿನ ಹಿಂದಿನ ಸೀಟೇ ಅವರ ಜಾಗವಾಗಿತ್ತು. ಒತ್ತಿದರು, ಬಿಟ್ಟರು. ಹೊತ್ತಿತು, ಆರಿತು. "ಸರಿಯಾಯ್ತು ಅತ್ತೆ" ಎಂದರೂ ಅವರು ಏಳಲಿಲ್ಲ. ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು, ಕನ್ನಡಿ ಸರಿಮಾಡಿಕೊಂಡು, ಮತ್ತೊಮ್ಮೆ ಒತ್ತಿದರು.

"ಇಲ್ಲಿಂದ ರಸ್ತೆ ಎಷ್ಟು ಚೆನ್ನಾಗಿ ಕಾಣುತ್ತೆ" ಎಂದರು.

ಇದು ತಾತ್ಕಾಲಿಕ, ಅಂಗಡಿಯಿಂದ ಸರಿಯಾದ ಬಿಲ್ಲೆ ತಂದು ಹಾಕಲೇಬೇಕು ಎಂದು ಮಾವ ಪಟ್ಟು ಹಿಡಿದರು. ಬೀದಿಯಲ್ಲಿ ಅವಳಿಂದ ಒಂದು ಸುತ್ತು ಓಡಿಸಿ ಬ್ರೇಕು ಹಿಡಿಯುವುದನ್ನೂ ಬಿಡುವುದನ್ನೂ ನೋಡಿದ ಮೇಲೆಯೇ ಅವಳಿಗೆ ಶಾಲೆಗೆ ಹೊರಡಲು ಬಿಟ್ಟರು. ಅಂದು ತಾವು ಜೊತೆಗೆ ಹೋಗಲಿಲ್ಲ. ಸಂಜೆ ಅವಳು ಬಂದಾಗ ಅವರ ತಲೆ ಬೋಳಾಗಿ ಮಿಂಚುತ್ತಿತ್ತು.

"ಇದೇನು ಮಾವ?"

"ಕ್ಷೌರದಂಗಡಿಗೆ ಹೋಗಿದ್ದೆ. ಕಾಲಿಂದಲ್ಲ, ಬಿಲ್ಲೆದು ತಪ್ಪು ಅಂತ ಎಲ್ಲರಿಗೂ ಬಿಡಿಸಿ ಹೇಳ್ಬೇಕಿತ್ತಲ್ಲ. ಹೇಳ್ತಾ ಹೇಳ್ತಾ ಅವನು ಎಲ್ಲಾ ತೆಗೆದುಬಿಟ್ಟ." ಅವರು ತಲೆ ಸವರಿಕೊಂಡರು. "ನಿನಗೂ ಹೇಳ್ಬೇಕಿತ್ತು. ನಿನ್ನ ಮಾತು ಕೇಳ್ಬೇಕಿತ್ತಮ್ಮ ನಾನು."

"ಹೋಗ್ಲಿ ಬಿಡಿ ಮಾವ" ಎಂದಳು ಅವಳು. ಮನಸ್ಸು ನಿಜಕ್ಕೂ ಹಗುರಾಗಿತ್ತು.

ಊಟದ ಹೊತ್ತಿಗೆ ಅತ್ತೆ, ಕಾರು ಕಲಿಯುತ್ತೇನೆ ಎಂದು ಬಾಂಬು ಹಾಕಿದರು. ಮಗ ನೀರು ಕುಡಿಯುತ್ತಿದ್ದವನು ಕೆಮ್ಮಿದ. ಈ ವಯಸ್ಸಿನಲ್ಲಾ ಎಂದರು ಮಾವ. ನಿಮ್ಮ ಕಣ್ಣು ಹೋಗಿದೆ, ನನ್ನದು ಇದೆಯಲ್ಲ ಎಂದರು ಅತ್ತೆ. 

ಕಲಿಯುವವರ ಪರವಾನಗಿ ಬಂದ ಮೇಲೆ ಒಂದು ಭಾನುವಾರ ಮೂವರೂ ಊರಾಚೆಯ ಖಾಲಿ ಮಾರುಕಟ್ಟೆ ಮೈದಾನಕ್ಕೆ ಹೋದರು. ಹೊಸ ಬಿಲ್ಲೆ ಹಾಕಿಯಾಗಿತ್ತು. ಸೊಸೆ ಪಕ್ಕದಲ್ಲಿ, ಮಾವ ಹಿಂದೆ. ಕಾರು ಒಂದೆರಡು ಸಲ ಕಪ್ಪೆಯ ಹಾಗೆ ಕುಪ್ಪಳಿಸಿ ನಿಂತಿತು. ಮಾವ ಏನೋ ಹೇಳಲು ಬಾಯಿ ತೆರೆದು, ಕನ್ನಡಿಯಲ್ಲಿ ಹೆಂಡತಿಯ ಮುಖ ಕಂಡು ಮುಚ್ಚಿದರು. ಮೂರನೆಯ ಸಲ ಅದು ಮೆಲ್ಲಗೆ, ನೆಟ್ಟಗೆ ಹೊರಟಿತು.

ಮೈದಾನದ ಕಾವಲುಗಾರ ಕೈ ಅಡ್ಡ ಹಿಡಿದು ಬಂದ. ಕಾರು ಅವನಿಂದ ಸಾಕಷ್ಟು ದೂರದಲ್ಲೇ ನಿಂತಿತು. "ಇಲ್ಲಿ ಕಾರು ಕಲೀತಾ ಇರೋದು ಯಾರು?" ಎಂದು ಅವನು ಸೊಸೆಯ ಕಡೆ ನೋಡಿ ಗದರಿದ.

"ನಾನಪ್ಪ" ಎಂದರು ಅತ್ತೆ ಗಾಜು ಇಳಿಸಿ. "ಸ್ವಲ್ಪ ಪಕ್ಕಕ್ಕೆ ನಿಂತ್ಕೋ. ಹಿಂದಕ್ಕೆ ಹೋಗೋದು ಇನ್ನೂ ಹೇಳಿಕೊಟ್ಟಿಲ್ಲ ಇವಳು."

ಅವನು ಬಿಳಿಕೂದಲಿನ ಚಾಲಕಿಯನ್ನು ಮೇಲಿಂದ ಕೆಳಗೆ ನೋಡಿ ಪಕ್ಕಕ್ಕೆ ಸರಿದ. ಅತ್ತೆ ಬ್ರೇಕಿನಿಂದ ಕಾಲು ತೆಗೆದು ಇನ್ನೊಂದು ಸುತ್ತಿಗೆ ಹೊರಟರು.