ಬೀಗವಿಲ್ಲದ ಫ್ರಿಜ್ಜು

ಹಳೆಯ ಫ್ರಿಜ್ಜು ಕೊನೆಗೂ ಕೆಟ್ಟು ಕೂತಾಗ ಪ್ರಫುಲ್ಲಾಗೆ ಒಂದಿಷ್ಟೂ ಬೇಸರವಾಗಲಿಲ್ಲ. ಯಾರಾದರೂ ನೋಡುತ್ತಿದ್ದರೆ ಲೋಕಾರೂಢಿಗೆ ಮುಖ ಸಪ್ಪಗೆ ಮಾಡಿಕೊಳ್ಳುತ್ತಿದ್ದಳೋ ಏನೋ. ಯಾರೂ ಇರಲಿಲ್ಲವಾದ್ದರಿಂದ ಅಡುಗೆಮನೆಯಲ್ಲಿ ಒಬ್ಬಳೇ ನಿಂತು ನಕ್ಕಳು.

ಅದು ಒಂಟಿ ಬಾಗಿಲಿನ ಫ್ರಿಜ್ಜು. ಮೋಟಾರು ಶುರುವಾದರೆ ಪಕ್ಕದ ಮನೆಯವರ ನಿದ್ದೆಯೂ ಕೆಡುತ್ತಿತ್ತು. ಅವಳ ದ್ವೇಷಕ್ಕೆ ಕಾರಣ ಅದಲ್ಲ. ಫ್ರಿಜ್ಜಿನ ಹಿಡಿಯ ಕೆಳಗೆ ಒಂದು ಬೀಗವಿತ್ತು. ಆ ಬೀಗದ ಕೈ ಅವಳ ಗಂಡ ವಿಶ್ವೇಶ್ವರ ರಾಯರ ಜನಿವಾರದಲ್ಲಿತ್ತು.

ಇದು ಶುರುವಾದದ್ದು ಒಂದು ಮೀನಿನಿಂದ. ಮದುವೆಯಾದ ಹೊಸತರಲ್ಲಿ ರಾಯರಿಗೆ ಕೋಲ್ಕತ್ತದ ಸರ್ಕಾರಿ ಕಾರ್ಖಾನೆಯಲ್ಲಿ ಎಂಜಿನಿಯರ್ ಕೆಲಸ ಸಿಕ್ಕಿ, ಇಬ್ಬರೂ ಮೈಸೂರು ಬಿಟ್ಟು ಬಂದು ಜಾದವ್‌ಪುರದಲ್ಲಿ ನೆಲಮಹಡಿಯ ಮನೆ ಹಿಡಿದಿದ್ದರು. ಮೇಲಿದ್ದ ಮನೆಯೊಡತಿಯ ಬಳಿ ಫ್ರಿಜ್ ಇರಲಿಲ್ಲ. ಒಂದು ಮಧ್ಯಾಹ್ನ ಆಕೆ ಸಲುಗೆಯಿಂದ ಒಳಗೆ ಬಂದು, ಸಾಸಿವೆ ಮೆತ್ತಿದ ಇಲಿಶ್ ಮೀನಿನ ಡಬ್ಬಿಯೊಂದನ್ನು ಮೊಸರಿನ ಪಕ್ಕ ಇಟ್ಟು, "ಸಂಜೆ ತಗೊಂಡು ಹೋಗ್ತೀನಿ" ಎಂದು ಕೈಸನ್ನೆ ಮಾಡಿ ಹೋದಳು. ಸಂಜೆ ಮೊದಲು ಬಂದವರು ರಾಯರು. ಡಬ್ಬಿಯ ಮುಚ್ಚಳ ತೆಗೆದವರು ಚೀರಿ, ಬಟ್ಟೆಯ ಸಮೇತ ನಲ್ಲಿಯ ಕೆಳಗೆ ಕೂತರು. ಮಾರನೆಯ ದಿನ ಫ್ರಿಜ್ಜಿಗೆ ಬೀಗ ಬಿತ್ತು.

ಮನೆಯೊಡತಿ ಸ್ವಲ್ಪ ದಿನಕ್ಕೆ ತನ್ನದೇ ಫ್ರಿಜ್ ಕೊಂಡಳು. ಬೀಗ ಮಾತ್ರ ಹೋಗಲಿಲ್ಲ. ಮೀನಿಗೆಂದು ಹಾಕಿದ್ದು ಕೆಲಸದ ಶೆಫಾಲಿಗೆ ಎಂದಾಯಿತು, ಆಮೇಲೆ ಬಂದುಹೋಗುವ ನೆಂಟರಿಗೆ ಎಂದಾಯಿತು, ಕಡೆಗೆ ಯಾರಿಗೆ ಎಂದು ರಾಯರೂ ಹೇಳುವುದನ್ನು ನಿಲ್ಲಿಸಿದರು. ಯಾರಿಗೆ ಎಂದು ಪ್ರಫುಲ್ಲಾಗೆ ಗೊತ್ತಿತ್ತು. ದಿನವಿಡೀ ಆ ಮನೆಯಲ್ಲಿದ್ದವಳು ಅವಳೊಬ್ಬಳೇ.

ಬೆಳಗಿನ ಕಾಫಿಗೆ ಹಾಲು ಬೇಕೆಂದರೆ ರಾಯರ ಸಂಧ್ಯಾವಂದನೆ ಮುಗಿಯಬೇಕು. ಮಡಿಯಲ್ಲಿರುವ ಗಂಡಸನ್ನು ಮುಟ್ಟುವಂತಿಲ್ಲ, ಅವರ ಮೈಮೇಲಿರುವ ಬೀಗದ ಕೈಯನ್ನಂತೂ ಮುಟ್ಟುವಂತೆಯೇ ಇಲ್ಲ. ಡಿಕಾಕ್ಷನ್ ಆರಿ ತಣ್ಣಗಾದ ಮೇಲೆ ರಾಯರು ನಿಧಾನವಾಗಿ ಬರುತ್ತಿದ್ದರು. ಬೀಗದ ಕೈಯನ್ನು ಜನಿವಾರದಿಂದ ಬಿಚ್ಚುವುದು ಅವರ ಮರ್ಯಾದೆಗೆ ಕಡಿಮೆ. ಹಾಗಾಗಿ ಬನಿಯನ್ ಮೇಲೆತ್ತಿ, ಹೊಟ್ಟೆಯನ್ನು ಫ್ರಿಜ್ಜಿಗೆ ಆನಿಸಿ, ಮಂಡಿ ಸ್ವಲ್ಪ ಬಗ್ಗಿಸಿ, ಇದ್ದಲ್ಲಿಂದಲೇ ತಿರುಗಿಸುತ್ತಿದ್ದರು. ಹಿತ್ತಾಳೆಯ ಬೀಗದ ಕೈ ಉಜ್ಜಿ ಉಜ್ಜಿ ಹೊಟ್ಟೆಯ ಮೇಲೆ ಹಸಿರು ಕಲೆಯೊಂದು ಕೂತಿತ್ತು. ಫ್ರಿಜ್ಜನ್ನು ತಬ್ಬಿಕೊಂಡು ನಿಂತ ಆ ಸ್ವರೂಪವನ್ನು ದಿನಾ ಬೆಳಿಗ್ಗೆ ನೋಡಿಯೂ ಗಂಡನನ್ನು ಗೌರವಿಸಬೇಕೆಂದರೆ ಹೆಂಗಸಿಗೆ ಕಣ್ಣು ಕಾಣಿಸಬಾರದು. ಪ್ರಫುಲ್ಲಾಗೆ ಚೆನ್ನಾಗಿಯೇ ಕಾಣಿಸುತ್ತಿತ್ತು.

ಮಗಳು ನಿಹಾರಿಕಾಗೆ ಚಿಕ್ಕಂದಿನಲ್ಲಿ ಒಮ್ಮೆ ಜ್ವರ ನೆತ್ತಿಗೇರಿತ್ತು. ಮಗು ಬಡಬಡಿಸುತ್ತಿತ್ತು. ಡಾಕ್ಟರು ತಲೆಯ ಮೇಲೆ ಐಸ್ ಇಡಿ ಎಂದು ಹೇಳಿಹೋದರು. ಐಸ್ ಫ್ರಿಜ್ಜಿನಲ್ಲಿತ್ತು, ಬೀಗದ ಕೈ ಕಾರ್ಖಾನೆಯಲ್ಲಿತ್ತು. ಫೋನು ಮಾಡಿದರೆ ರಾಯರು ಮೀಟಿಂಗಿನಲ್ಲಿದ್ದರು. ಪ್ರಫುಲ್ಲಾ ಬೀದಿಗೆ ಓಡಿ, ಸ್ಟೇಷನ್ನಿನ ಬದಿಯ ಮೀನುಮಾರುವವಳ ಎದುರು ಸೆರಗೊಡ್ಡಿದಳು. ಆಕೆ ಮೀನುಗಳನ್ನು ಪಕ್ಕಕ್ಕೆ ಸರಿಸಿ ಐಸು ಒಡೆದುಕೊಟ್ಟಳು, ಮಗುವಿಗೆ ಎಂದು ತಿಳಿದು ಕಣ್ಣಲ್ಲಿ ನೀರು ತಂದುಕೊಂಡಳು. ಮೀನು ಸೋಕಬಾರದೆಂದು ಬೀಗ ಹಾಕಿದ ಮನೆಯಲ್ಲಿ ಮೀನಿನ ಐಸು ಮಗುವಿನ ಹಣೆಯ ಮೇಲೆ ಕೂತು ಜ್ವರ ಇಳಿಸಿತು. ಸಂಜೆ ಬಂದ ರಾಯರು ಮೂಗು ಸುಕ್ಕಿಸಿ, "ಏನೋ ವಾಸನೆ ಬರ್ತಾ ಇದೆಯಲ್ಲೇ?" ಎಂದರು.

ಅವತ್ತಿನಿಂದ ಅವಳಿಗೆ ಗಂಡನ ಮೇಲೆ ಸಿಟ್ಟಿಲ್ಲ. ಸಿಟ್ಟು ಮಾಡಿಕೊಳ್ಳಬೇಕಾದರೆ ಎದುರಿಗಿರುವವರಿಗೆ ಅಷ್ಟಾದರೂ ಯೋಗ್ಯತೆ ಇರಬೇಕು. ರಾಯರ ವಿಷಯದಲ್ಲಿ ಅವಳಿಗಿದ್ದದ್ದು ಬರೀ ತಾತ್ಸಾರ. ಅದನ್ನು ಉಪ್ಪಿನಕಾಯಿ ಜಾಡಿಯಷ್ಟು ಜೋಪಾನವಾಗಿ ಕಾಪಾಡಿಕೊಂಡು ಬಂದಿದ್ದಳು. ಈಗ ಅವಳಿಗೆ ಬೇಕಾದದ್ದು ಒಂದೇ. ತನ್ನ ಅಡುಗೆಮನೆಯ ಫ್ರಿಜ್ಜನ್ನು ಯಾರನ್ನೂ ಕೇಳದೆ ತೆಗೆಯಬೇಕು.

ಭಾನುವಾರ ನಿಹಾರಿಕಾ ಇಬ್ಬರನ್ನೂ ಪಾರ್ಕ್ ಸ್ಟ್ರೀಟಿನ ಹತ್ತಿರದ ದೊಡ್ಡ ಅಂಗಡಿಯೊಂದಕ್ಕೆ ಕರೆದುಕೊಂಡು ಹೋದಳು. ಅವಳ ಆಫೀಸೂ ಅಲ್ಲೇ, ಗಂಡನ ಮನೆಯೂ ಆ ಕಡೆಯೇ. ಒಳಗೆ ಫ್ರಿಜ್ಜುಗಳು ಮದುವೆಮನೆಯ ಬೀಗರ ಹಾಗೆ ಬಿಗುಮಾನದಿಂದ ಸಾಲಾಗಿ ನಿಂತಿದ್ದವು. ಟೈ ಕಟ್ಟಿಕೊಂಡ ಸೇಲ್ಸ್‌ಮನ್ನೊಬ್ಬ ಹಿಂದಿಯಲ್ಲಿ ಶುರುಹಚ್ಚಿಕೊಂಡ. ಒಂದಕ್ಕೆ ಬಾಗಿಲ ಮೇಲೆ ಹೂವು, ಇನ್ನೊಂದಕ್ಕೆ ನೀರಿನ ನಲ್ಲಿ, ಮತ್ತೊಂದು ಮನೆಯವರ ಫೋನಿನ ಜೊತೆ ಮಾತಾಡುತ್ತದಂತೆ. ಮಾತಾಡುವವರು ಮನೆಯಲ್ಲಿ ಸಾಕಷ್ಟು ಇದ್ದಾರಪ್ಪ, ಕೇಳಿಸಿಕೊಳ್ಳುವುದೊಂದಿದ್ದರೆ ತೋರಿಸು ಎನ್ನಬೇಕೆಂದು ಪ್ರಫುಲ್ಲಾಗೆ ನಾಲಿಗೆ ತುದಿಗೆ ಬಂದಿತ್ತು.

ರಾಯರು ಕೈ ಹಿಂದೆ ಕಟ್ಟಿಕೊಂಡು, ಕಾರ್ಖಾನೆಗೆ ಇನ್‌ಸ್ಪೆಕ್ಷನ್ನಿಗೆ ಬಂದವರಂತೆ ಒಂದೊಂದರ ಮುಂದೆಯೂ ನಿಂತರು. ಎಲ್ಲದಕ್ಕೂ ಅವರದು ಒಂದೇ ಪ್ರಶ್ನೆ.

"ಲಾಕ್ ಹೈ?"

"ಚೈಲ್ಡ್ ಲಾಕ್ ಇದೆ ಸರ್. ಈ ಬಟನ್ ಒತ್ತಿ ಹಿಡಿದರೆ ಆಯ್ತು."

"ಇನ್ನೊಂದು ಸಲ ಒತ್ತಿದರೆ?"

"ತೆರೆದುಕೊಳ್ಳುತ್ತೆ ಸರ್."

"ಯಾರು ಒತ್ತಿದರೂ?"

"ಯಾರು ಒತ್ತಿದರೂ, ಸರ್!" ಎಂದು ಸೇಲ್ಸ್‌ಮನ್ ಹೆಮ್ಮೆಯಿಂದ ಬೀಗಿದ. ಇಂಥ ಬೀಗ ಮಾಡಿದ ದೇಶ ಉದ್ಧಾರವಾದ ಹಾಗೆಯೇ ಎಂಬಂತೆ ರಾಯರು ಮಗಳ ಕಡೆ ನೋಡಿದರು.

"ಅಪ್ಪ, ಪ್ಲೀಸ್. ಈಗ ಯಾರು ಫ್ರಿಜ್ ಲಾಕ್ ಮಾಡ್ತಾರೆ? ಎಲ್ಲಾರೂ ನೋಡ್ತಾ ಇದಾರೆ," ಎಂದು ನಿಹಾರಿಕಾ ಪಿಸುಗುಟ್ಟಿದಳು.

"ನಿಂಗೆ ಗೊತ್ತಾಗಲ್ಲ, ಸುಮ್ನಿರು."

ಮೂಲೆಯಲ್ಲಿ ಒಂಟಿ ಬಾಗಿಲಿನ ಚಿಕ್ಕದೊಂದು ನಿಂತಿತ್ತು. ಅದರ ಬಾಗಿಲಿಗೆ ಬೀಗವಿತ್ತು, ಬೀಗದಲ್ಲಿ ಕೈ ನೇತಾಡುತ್ತಿತ್ತು. ರಾಯರಿಗೆ ಅದು ಕಂಡಿದ್ದೇ ತಡ, ಎಲ್ಲರನ್ನೂ ಬಿಟ್ಟು ಅತ್ತ ನಡೆದರು. ಬೀಗ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಮದುವೆಯ ದಿನವೂ ಅವರ ಮುಖ ಅಷ್ಟು ಅರಳಿದ್ದನ್ನು ಪ್ರಫುಲ್ಲಾ ಕಂಡಿರಲಿಲ್ಲ.

ಈಗ ಬಾಯಿ ಬಿಡದಿದ್ದರೆ ಸಾಯುವ ತನಕ ಆ ಹೊಟ್ಟೆಯ ಹಿಂದೆ ನಿಂತು ಹಾಲಿಗೆ ಕಾಯಬೇಕು. ಎದುರಿಗಿದ್ದ ಬೂದು ಬಣ್ಣದ ಎರಡು ಬಾಗಿಲಿನ ಫ್ರಿಜ್ಜಿನ ಪಕ್ಕಕ್ಕೆ ಅಂಗೈ ಊರಿ, ಅಂಗಡಿಗೆಲ್ಲ ಕೇಳುವಂತೆ ಹೇಳಿದಳು.

"ನಂಗೆ ಇದು ಬೇಕು."

ಹಾಗೆ ಹೇಳಿದವಳೇ ಕೈ ತೆಗೆದಳು. ಪಕ್ಕ ಬೆಚ್ಚಗಿತ್ತು. "ಇದೇನಿದು, ಸುಡ್ತಾ ಇದೆಯಲ್ಲ?" ಎಂದು ಹಿಂದಿಯಲ್ಲಿ ಕೇಳಿದಳು.

"ಹೆದರಬೇಡಿ ಮಾಶಿಮಾ. ಹಳೇ ಫ್ರಿಜ್ಜಿಗೆ ಹಿಂದುಗಡೆ ಕಪ್ಪು ಜಾಲರಿ ಇರ್ತಿತ್ತಲ್ಲ, ಆ ಗ್ಯಾಸಿನ ಪೈಪು ಈಗ ಈ ಗೋಡೆಯ ಒಳಗೇ ಓಡುತ್ತೆ. ಅದಕ್ಕೇ ಬಿಸಿ," ಎಂದು ಸೇಲ್ಸ್‌ಮನ್ ಮತ್ತೆ ತನ್ನ ಪಾಠಕ್ಕೆ ಮರಳಿದ.

ಪೈಪು ಎಲ್ಲಿ ಓಡಿದರೆ ಅವಳಿಗೇನು. ಅವಳು ರಾಯರನ್ನೇ ನೋಡುತ್ತಿದ್ದಳು. ರಾಯರು ಚಿಕ್ಕ ಫ್ರಿಜ್ಜನ್ನು ಒಮ್ಮೆ ನೋಡಿದರು, ಈ ಕಡೆ ಬಂದು ಬೂದು ಫ್ರಿಜ್ಜಿನ ಬಾಗಿಲ ಅಂಚನ್ನು ಬೆರಳಿಂದ ತಟ್ಟಿದರು, ಏನೋ ಲೆಕ್ಕ ಹಾಕಿದರು. "ಆಗ್ಲಿ, ಇದೇ ಇರ್ಲಿ," ಎಂದರು. ಇಷ್ಟು ಸುಲಭಕ್ಕೆ ಒಪ್ಪಿದ ಮನುಷ್ಯನನ್ನು ಅನುಮಾನಿಸಬೇಕಿತ್ತು. ಸಂತೋಷದಲ್ಲಿ ಅವಳಿಗೆ ಅದು ಹೊಳೆಯಲಿಲ್ಲ.

ಹೊಸ ಫ್ರಿಜ್ಜು ಬಂತು, ಹಳೆಯದನ್ನು ಹೊತ್ತುಕೊಂಡು ಹೋದರು. ಅಂದು ಪ್ರಫುಲ್ಲಾ ಕಾರಣವಿಲ್ಲದೆ ಎಷ್ಟು ಸಲ ಬಾಗಿಲು ತೆಗೆದಳೋ ಅವಳಿಗೇ ಗೊತ್ತಿಲ್ಲ. ಕರಿಬೇವಿನ ಒಂದು ಎಸಳನ್ನು ಒಳಗಿಟ್ಟಳು, ಸ್ವಲ್ಪ ಹೊತ್ತಿಗೆ ಹೋಗಿ ಅದನ್ನೇ ಹೊರಗೆ ತೆಗೆದಳು. ರಾಯರು ಜಪಕ್ಕೆ ಕೂತಿದ್ದಾಗಲೇ ಹಾಲು ತೆಗೆದು, ಕಾಫಿ ಬೆರೆಸಿ, ಕಿಟಕಿಯ ಬಳಿ ನಿಂತು ಬಿಸಿಬಿಸಿ ಕುಡಿದಳು. ಶೆಫಾಲಿ ಬಂದಾಗ ಅವಳಿಗೂ ತಣ್ಣನೆಯ ನೀರು ಕೊಟ್ಟಳು. ಶೆಫಾಲಿ ಲೋಟ ಹಿಡಿದುಕೊಂಡು ರಾಯರ ಕೋಣೆಯ ಬಾಗಿಲ ಕಡೆ ಒಮ್ಮೆ ನೋಡಿ, ಆಮೇಲೆ ಗಟಗಟ ಕುಡಿದಳು. ಪ್ರಫುಲ್ಲಾಗೆ ಖುಷಿಯಾಗಿತ್ತು. ಎಷ್ಟೋ ವರ್ಷದಿಂದ ಇಂಥ ಖುಷಿ ಆಗಿರಲಿಲ್ಲ.

ಅದು ಉಳಿದದ್ದು ಎರಡೇ ದಿನ. ಮೂರನೆಯ ದಿನ ಬೆಳಿಗ್ಗೆ ಸಿಯಾಲ್ದಾಕ್ಕೆ ಹೋಗಿಬರುತ್ತೇನೆಂದು ಹೊರಟ ರಾಯರು ಮಧ್ಯಾಹ್ನದ ಹೊತ್ತಿಗೆ ಬೆವರು ಸುರಿಸುತ್ತ ಬಂದರು. ಚೀಲದಿಂದ ಕಬ್ಬಿಣದ ಚಿಲಕ, ದಪ್ಪ ಬೀಗ, ಸ್ಕ್ರೂಗಳ ಪೊಟ್ಟಣ, ಒಂದು ಹೊಸ ಡ್ರಿಲ್ಲಿಂಗ್ ಮೆಷಿನ್ನು ಹೊರಬಂದವು.

"ಏನ್ರೀ ಇದು?"

"ಕಂಪನಿಯವರು ಬುದ್ಧಿ ಇಲ್ದೆ ಬಿಟ್ಟಿದಾರೆ. ನಾವು ಮಾಡ್ಕೋಬೇಕು," ಎಂದರು ರಾಯರು.

ಕೆಲಸದಲ್ಲಿದ್ದಷ್ಟು ಕಾಲವೂ ಬೇರೆಯವರು ಬರೆದ ನಕ್ಷೆಗೆ ಸಹಿ ಹಾಕಿದ ಎಂಜಿನಿಯರು ಇವರು. ಮನೆಯ ಬಲ್ಬು ಬದಲಾಯಿಸಲೂ ಆಳು ಬೇಕು. ಈಗ ಪಂಚೆ ಎತ್ತಿಕಟ್ಟಿ, ಫ್ರಿಜ್ಜಿನ ಪಕ್ಕಕ್ಕೆ ಚಿಲಕ ಹಿಡಿದು, ಸೀಸದಕಡ್ಡಿಯಿಂದ ಗುರುತು ಹಾಕತೊಡಗಿದರು. ಚಿಲಕದ ಒಂದು ಭಾಗ ಬಾಗಿಲಿಗೆ, ಇನ್ನೊಂದು ಭಾಗ ಫ್ರಿಜ್ಜಿನದೇ ಪಕ್ಕದ ಗೋಡೆಗೆ. ಅಂಗಡಿಯಲ್ಲಿ ಅವಳು ಅಂಗೈ ಊರಿದ್ದ ಜಾಗಕ್ಕೇ.

"ಮೂಲೆ ಕತ್ತಲು. ಟಾರ್ಚ್ ತಗೊಂಡ್ ಬಾರೇ."

ಪ್ರಫುಲ್ಲಾ ಟಾರ್ಚ್ ತಂದಳು. "ರೀ, ಆ ಪಕ್ಕದ ಒಳಗೆ..." ಎಂದು ಶುರುಮಾಡಿದಳು.

"ನಂಗೆ ಹೇಳ್ಕೊಡಕ್ಕೆ ಬರ್ತೀಯಾ? ಮೆಷಿನರಿ ಜೊತೆ ಜೀವನ ಕಳೆದಿದೀನಿ ನಾನು. ಬಾಯಿ ಮುಚ್ಕೊಂಡು ಟಾರ್ಚ್ ಹಿಡಿ."

ಅವಳು ಟಾರ್ಚ್ ಹಿಡಿದಳು.

ಇನ್ನೊಂದು ಸಲ ಹೇಳಬಹುದಿತ್ತು. ಒಳಗೆ ಗ್ಯಾಸಿನ ಪೈಪಿದೆ ಅಂದರೆ ಸಾಕಿತ್ತು, ಅದಕ್ಕೆ ಒಂದು ಉಸಿರು ಸಾಲುತ್ತಿತ್ತು. ಹಾಗೆ ಹೇಳಿದ್ದರೆ ಆಗುತ್ತಿದ್ದದ್ದೂ ಅವಳಿಗೆ ಗೊತ್ತಿತ್ತು. ಪೈಪಿಲ್ಲದ ಜಾಗ ಹುಡುಕಿ ಚಿಲಕ ಹಾಕುತ್ತಿದ್ದರು. ಬೀಗ ಬೀಳುತ್ತಿತ್ತು, ಫ್ರಿಜ್ಜು ಬದುಕುತ್ತಿತ್ತು, ಆಮೇಲೆ ಅವಳು ಮತ್ತೆ ಹಾಲಿಗೆ ಕಾಯಬೇಕಿತ್ತು. ಬೆಳಕಿನ ವೃತ್ತದಲ್ಲಿ ರಾಯರ ಬೋಳುತಲೆ ಮಿನುಗುತ್ತಿತ್ತು. ಅದನ್ನು ನೋಡುತ್ತ ಅವಳು ಟಾರ್ಚನ್ನು ಇನ್ನಷ್ಟು ನೇರಕ್ಕೆ ಹಿಡಿದಳು.

ಡ್ರಿಲ್ಲನ್ನು ಗುರುತಿಗೆ ಇಟ್ಟ ರಾಯರು ತಲೆ ಎತ್ತಿದರು. ಯಾವತ್ತೂ ಇಲ್ಲದ್ದು ಅವಳನ್ನು ಒಂದು ಮಾತು ಕೇಳಿದರು. "ಸೊಟ್ಟ ಇಲ್ಲ ತಾನೇ? ಸರಿಯಾಗಿದ್ಯಾ?"

ಪ್ರಫುಲ್ಲಾ ಬಗ್ಗಿ ನೋಡಿದಳು. ಒಂದು ಕೂದಲೆಳೆಯೂ ಸೊಟ್ಟಗಿರಲಿಲ್ಲ.

"ಸರಿಯಾಗಿದೆ," ಎಂದಳು.

ಮೆಷಿನ್ನು ಗುರ್ರೆಂದು ತಗಡನ್ನು ಕೊರೆಯಿತು. ಆಮೇಲೆ ಕುಕ್ಕರಿನ ಉಸಿರಿನಂಥ ಸದ್ದೊಂದು ಸುಸ್ಸೆಂದು ಬಂದು, ಸ್ವಲ್ಪ ಹೊತ್ತು ಇದ್ದು, ಸಣ್ಣಗಾಗಿ ಹೋಯಿತು. "ಒಳಗೆ ಗಾಳಿ ತುಂಬಿರ್ತಾರೆ," ಎಂದರು ರಾಯರು. ಪ್ರಫುಲ್ಲಾ ಹೋಗಿ ಕಿಟಕಿ ಅಗಲಕ್ಕೆ ತೆಗೆದಳು. ಚಿಲಕ ಕೂತಿತು, ಬೀಗ ಬಿತ್ತು, ಹೊಸ ಬೀಗದ ಕೈ ಜನಿವಾರಕ್ಕೇರಿತು. ಸಂಜೆ ರುಬ್ಬಿದ ದೋಸೆಹಿಟ್ಟನ್ನು ಒಳಗಿಡಲು ಅವಳು ರಾಯರನ್ನು ಕರೆದಳು. ಅವರು ಬಂದು, ಹೊಟ್ಟೆ ಆನಿಸಿ, ತೆಗೆದು ಕೊಟ್ಟು, ಮತ್ತೆ ಹಾಕಿಕೊಂಡು ಹೋದರು. ಒಳಗೆ ದೀಪವೇನೋ ಉರಿಯುತ್ತಿತ್ತು. ಒಳಗಿನ ಗಾಳಿ ಬೀದಿಯಷ್ಟೇ ಬೆಚ್ಚಗಿತ್ತು. ರಾಯರಿಗೆ ದೀಪ ಉರಿದರೆ ಸಾಕು.

ವೈಶಾಖದ ಸೆಕೆಗೆ ಹಿಟ್ಟು ಉಬ್ಬಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಬೆಳಿಗ್ಗೆ ಪ್ರಫುಲ್ಲಾ ಎದ್ದು ಬರುವಾಗ ರಾಯರು ವಾಕಿಂಗ್‌ಗೆ ಹೋಗಿದ್ದರು, ಬೀಗದ ಕೈಯೂ ಹೋಗಿತ್ತು. ಫ್ರಿಜ್ಜಿನ ಬಾಗಿಲ ಕೆಳಗಿನಿಂದ ಹುಳಿಹಿಟ್ಟು ಬೆಳ್ಳಗೆ ಒಸರಿ ನೆಲದ ಮೇಲೆ ಹರಡುತ್ತಿತ್ತು. ಅವಳು ಮಣೆ ಎಳೆದುಕೊಂಡು ಕೂತು ನೋಡಿದಳು. ಒರೆಸಲಿಲ್ಲ. ಶೆಫಾಲಿ ಬಂದು ಬಟ್ಟೆ ಕೈಗೆತ್ತಿಕೊಂಡಾಗ, "ಇರ್ಲಿ ಬಿಡು, ನೋಡೋರು ನೋಡ್ಲಿ," ಎಂದು ತಡೆದಳು.

ರಾಯರು ಬಂದು ಬಾಗಿಲು ತೆಗೆದರು. ಒಡೆದ ಹಾಲಿನ ವಾಸನೆ ಮುಖಕ್ಕೆ ಹೊಡೆಯಿತು. ಕಂಪನಿಗೆ ಫೋನು ಮಾಡಿ, ತಮ್ಮ ಹಳೆಯ ಹುದ್ದೆ ಹೇಳಿ, ಮೋಸಗಾರರೆಂದು ಬೈದು, ಮಧ್ಯಾಹ್ನದೊಳಗೆ ರಿಪೇರಿಯವನನ್ನು ಕರೆಸಿದರು. ಬಂದವನು ಹಿಟ್ಟನ್ನು ದಾಟಿ, ಚಿಲಕವನ್ನು ನೋಡಿ, ಅದರ ಸ್ಕ್ರೂಗಳನ್ನು ಒಂದೊಂದಾಗಿ ಬೆರಳಿಂದ ಮುಟ್ಟಿದ. ಪೈಪು ತೂತಾಗಿದೆ, ಗ್ಯಾಸೆಲ್ಲ ಹೋಗಿದೆ, ಗೋಡೆಯೊಳಗಿನ ಪೈಪಾದ್ದರಿಂದ ಸರಿಮಾಡಲು ಬರುವುದಿಲ್ಲ, ತೂತು ಕೊರೆದದ್ದಕ್ಕೆ ಕಂಪನಿ ಗ್ಯಾರಂಟಿಯನ್ನೂ ಕೊಡುವುದಿಲ್ಲ ಎಂದು ಹೇಳಿ ಹೋದ. ಬಾಗಿಲ ಹೊರಗೆ ಹೋದ ಮೇಲೆ ಅವನು ನಕ್ಕದ್ದು ಇಬ್ಬರಿಗೂ ಕೇಳಿಸಿತು.

ರಾಯರು ಮುಖ ಬಾಡಿಸಿಕೊಂಡು ಫ್ರಿಜ್ಜಿನ ಮುಂದೆ ನಿಂತರು. "ಪೈಪ್ ಪಕ್ಕದಲ್ಲಿರುತ್ತೆ ಅಂತ ಆ ಅಂಗಡಿಯವನು ಬಾಯಿಬಿಟ್ಟು ಹೇಳಬಾರದಿತ್ತಾ?" ಎಂದರು.

"ಅವನು ಹೇಳಿದ್ನಲ್ಲ," ಎಂದಳು ಪ್ರಫುಲ್ಲಾ. "ನೀವು ಆ ಚಿಕ್ಕದಕ್ಕೆ ಬೀಗ ಹಾಕಿ ತೆಗೀತಾ ಇದ್ರಿ. ನಂಗೆ ಹೇಳ್ದ."

ರಾಯರು ತಿರುಗಿ ಅವಳನ್ನು ನೋಡಿದರು.

"ನಿಂಗೆ ಗೊತ್ತಿತ್ತಾ? ಗೊತ್ತಿದ್ದೂ ಪಕ್ಕದಲ್ಲೇ ನಿಂತಿದ್ಯಾ?"

"ಹೇಳಕ್ಕೆ ಬಂದೆ. ಬಾಯಿ ಮುಚ್ಕೊಂಡು ಟಾರ್ಚ್ ಹಿಡಿ ಅಂದ್ರಿ. ಹಿಡಿದೆ."

ಅವಳು ಬಕೆಟ್ಟು, ಬಟ್ಟೆ ತಂದು ಅವರ ಕಾಲಬಳಿ ಇಟ್ಟಳು.

"ನಿಹಾರಿಕಾಗೆ ಫೋನ್ ಮಾಡಿದೀನಿ. ಶನಿವಾರ ನಾವಿಬ್ರೇ ಅಂಗಡಿಗೆ ಹೋಗ್ತೀವಿ, ನೀವು ಬರೋದು ಬೇಡ," ಎಂದಳು. "ಈಗ ಆಚೆ ಸರೀರಿ, ನೆಲ ಒರೆಸಬೇಕು."

ರಾಯರು ಸರಿದು ನಿಂತರು.